ಬಲಹೀನ ಕೋಳಿಮರಿಯ ಆರೈಕೆ: ಮೊದಲು ಕಾವು, ಅನಂತರ ನೀರು, ಕೊನೆಗೆ ಆಹಾರ

ನಮ್ಮ ರೈತ ಬಾಂಧವರ ಮನೆಗಳಲ್ಲಿ ನಾಲ್ಕಾರು ಕೋಳಿಗಳನ್ನು ಸಾಕುವುದು ಹಿಂದಿನಿಂದ ಬಂದ ರೂಢಿ. ಇದಕ್ಕೆ ಪ್ರತ್ಯೇಕ ಬಂಡವಾಳ ಬೇಡ. ಮನೆಯ ಹೆಣ್ಣುಮಕ್ಕಳೇ ನೋಡಿಕೊಳ್ಳುತ್ತಾರೆ. ಮೊಟ್ಟೆ ಮಾರಿದ ಹಣವೂ ಹುಂಜ ಮಾರಿದ ಹಣವೂ ಬಹುಮಟ್ಟಿಗೆ ಅವರ ಕೈಯಲ್ಲೇ ಉಳಿದು ಮಕ್ಕಳ ಪುಸ್ತಕಕ್ಕೋ ಹಬ್ಬದ ಖರ್ಚಿಗೋ ಒದಗುತ್ತದೆ. ಈ ಸಣ್ಣ ಆದಾಯವೆಲ್ಲ ಒಂದೇ ಮಾತಿನ ಮೇಲೆ ನಿಂತಿದೆ: ಹೇಟೆಯು 21 ದಿನ ಕಾವು ಕೂತು ಎಬ್ಬಿಸಿದ ಮರಿಗಳಲ್ಲಿ ಎಷ್ಟು ಉಳಿದು ದೊಡ್ಡವಾಗುತ್ತವೆ?

ಪ್ರತಿ ಸಲ ಮರಿ ಎದ್ದಾಗಲೂ ಒಂದೆರಡು ಮರಿ ಉಳಿದವುಗಳಿಗಿಂತ ಸಣ್ಣದಾಗಿಯೋ ನಿತ್ರಾಣವಾಗಿಯೋ ಕಾಣುತ್ತವೆ. "ಇದು ಉಳಿಯುವ ಮರಿಯಲ್ಲ" ಎಂದು ಹೇಳಿ ಕೈಬಿಡುವುದು ವಾಡಿಕೆ. ಇಲ್ಲವೇ ಮರುಕದಿಂದ ಕೈಗೆತ್ತಿಕೊಂಡು ಬಾಯಿಗೆ ಹಾಲೋ ನುಚ್ಚೋ ತುರುಕುವುದುಂಟು. ಇವೆರಡೂ ತಪ್ಪು. ಇಂಥ ಮರಿಗಳು ಸಾಯುವುದು ಹೆಚ್ಚಾಗಿ ಹಸಿವಿನಿಂದಲ್ಲ, ಚಳಿಯಿಂದ ಮತ್ತು ಬಾಯಾರಿಕೆಯಿಂದ. ಇದನ್ನು ಅರಿತು ಸರಿಯಾದ ಕ್ರಮದಲ್ಲಿ ಆರೈಕೆ ಮಾಡಿದರೆ ಹಲವು ಮರಿಗಳನ್ನು ಉಳಿಸಿಕೊಳ್ಳಬಹುದು.

ನನ್ನದೇ ಒಂದು ತಪ್ಪು

ಲೇಖಕನು ಬೇಸಾಯಶಾಸ್ತ್ರವನ್ನು ಪಾಠ ಹೇಳುವವನು. ಕೋಳಿ ಸಾಕಣೆ ನನ್ನ ಓದಿನ ವಿಷಯವಲ್ಲ. ಮೈಸೂರಿನ ಜಯಲಕ್ಷ್ಮಿಪುರಂನಲ್ಲಿರುವ ನಮ್ಮ ಮನೆಗೆ ಸ್ವಲ್ಪ ಹಿತ್ತಲಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಅತ್ತೆಯವರು ಊರಿನಿಂದ ಬರುವಾಗ ಒಂದು ನಾಟಿ ಹೇಟೆಯನ್ನು ತಂದರು. ಡಿಸೆಂಬರ್ ತಿಂಗಳಲ್ಲಿ ಅದನ್ನು 12 ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಲಾಯಿತು. ಒಂಬತ್ತು ಮರಿಗಳು ಒಂದೇ ದಿನ ಎದ್ದವು. ಹತ್ತನೆಯದು ಮರುದಿನ ಸಂಜೆ ಹೊರಬಂತು. ಅಷ್ಟರಲ್ಲಿ ಹೇಟೆಯು ಉಳಿದ ಮರಿಗಳನ್ನು ಕರೆದುಕೊಂಡು ಮಂಕರಿಯಿಂದ ಎದ್ದು ಹೋಗಿತ್ತು. ಒದ್ದೆಯಾಗಿದ್ದ ಸಣ್ಣ ಮರಿ ಒಂಟಿಯಾಗಿ ಹುಲ್ಲಿನ ಮೇಲೆ ಬಿದ್ದಿತ್ತು.

ನಾನು ಅದನ್ನು ಒಳಗೆ ತಂದು, ಹಸಿದಿರಬೇಕೆಂದು ಎಣಿಸಿ, ಇಂಕ್ ಫಿಲ್ಲರ್‌ನಲ್ಲಿ ಹಾಲು ತುಂಬಿ ಕೊಕ್ಕಿನೊಳಗೆ ಬಿಟ್ಟೆ. ಮರಿ ಎರಡು ಸಲ ಕೆಮ್ಮಿದಂತೆ ಮಾಡಿ, ಕತ್ತು ಚಾಚಿ, ನನ್ನ ಅಂಗೈಯಲ್ಲೇ ಪ್ರಾಣ ಬಿಟ್ಟಿತು. ಅತ್ತೆಯವರು ಏನೂ ಅನ್ನಲಿಲ್ಲ. ಮರುದಿನ ಪಶುವೈದ್ಯ ಮಿತ್ರರೊಬ್ಬರಿಗೆ ಹೇಳಿದಾಗ ಅವರು ನನ್ನ ತಪ್ಪುಗಳನ್ನು ಒಂದೊಂದಾಗಿ ಎಣಿಸಿದರು. ತಣ್ಣಗಾದ ಮರಿಗೆ ನುಂಗುವ ಶಕ್ತಿಯೇ ಇರುವುದಿಲ್ಲ. ಬಿಟ್ಟ ಹಾಲು ಶ್ವಾಸನಾಳಕ್ಕೆ ಹೋಗಿದೆ. ಆ ಮರಿಗೆ ಆ ಹೊತ್ತಿನಲ್ಲಿ ಹಸಿವೇ ಇರಲಿಲ್ಲ. ಅದಕ್ಕೆ ಬೇಕಾಗಿದ್ದುದು ಕಾವು ಮಾತ್ರ. ಅಂದಿನಿಂದ ಅವರಿಂದ ಕೇಳಿ ತಿಳಿದುದನ್ನು, ನಮ್ಮ ಹಿತ್ತಲಿನಲ್ಲಿ ಮಾಡಿ ನೋಡಿದುದನ್ನು ಇಲ್ಲಿ ಬರೆದಿದ್ದೇನೆ.

ಮರಿಗೆ ಕಾವು ಏಕೆ ಬೇಕು?

ಮೊಟ್ಟೆಯಿಂದ ಹೊರಬರುವ ಮುನ್ನ ಮರಿಯು ಉಳಿದಿರುವ ಹಳದಿ ಭಾಗವನ್ನು ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಇದು ಅದಕ್ಕೆ ಪ್ರಕೃತಿ ಕಟ್ಟಿಕೊಟ್ಟ ಬುತ್ತಿ. ಈ ಬುತ್ತಿಯ ಬಲದಿಂದ ಮರಿ ಎರಡು ದಿನ, ಕೆಲವೊಮ್ಮೆ ಮೂರು ದಿನ ಹೊರಗಿನ ಆಹಾರವಿಲ್ಲದೆ ಇರಬಲ್ಲದು. ಒಂದು ದಿನದ ಮರಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ದೂರದ ಊರುಗಳಿಗೆ ಕಳಿಸಲು ಸಾಧ್ಯವಾಗಿರುವುದು ಇದರಿಂದಲೇ. ಆದ್ದರಿಂದ ಮೊದಲ ದಿನ ಮರಿ ತಿನ್ನಲಿಲ್ಲವೆಂದು ಗಾಬರಿಪಡಬೇಕಾಗಿಲ್ಲ. ಹಾಗೆಂದು ಉದ್ದೇಶಪೂರ್ವಕವಾಗಿ ಉಪವಾಸ ಕೆಡವಲೂ ಬಾರದು. ಆರೋಗ್ಯವಂತ ಮರಿಗೆ ನೀರು, ಆಹಾರ ಎಷ್ಟು ಬೇಗ ಸಿಕ್ಕಿದರೆ ಅಷ್ಟು ಒಳ್ಳೆಯದು.

ಆದರೆ ಕಾವಿನ ವಿಷಯ ಹಾಗಲ್ಲ. ಬೆಳೆದ ಕೋಳಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮರಿಯ ಮೈಶಾಖ ಇದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ. ಅದನ್ನು ಕಾಪಾಡಿಕೊಳ್ಳುವ ಶಕ್ತಿಯೂ ಅದಕ್ಕೆ ಇನ್ನೂ ಬಂದಿರುವುದಿಲ್ಲ. ಮೈಮೇಲಿನ ನವಿರು ತುಪ್ಪುಳು ಚಳಿ ತಡೆಯದು. ಗರಿಗಳು ಮೂಡುವವರೆಗೆ ತಾಯಿಯ ರೆಕ್ಕೆಯ ಅಡಿಯೋ ನಾವು ಒದಗಿಸುವ ಕೃತಕ ಕಾವೋ ಅದಕ್ಕೆ ಆಸರೆ. ಮರಿಗೆ ಮೊದಲ ವಾರ ಬೇಕಾದ ಶಾಖ ಸುಮಾರು 35 ಡಿಗ್ರಿ. ಮೈಸೂರಿನಲ್ಲಿ ಡಿಸೆಂಬರ್, ಜನವರಿ ತಿಂಗಳ ರಾತ್ರಿ ಶಾಖ 16 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಈ ಅಂತರವನ್ನು 30 ಗ್ರಾಂ ತೂಕದ ಒಂದು ಜೀವ ತಾನೇ ತುಂಬಿಕೊಳ್ಳಲಾರದು. ಸಣ್ಣ ಮರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಮೈ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಶಾಖ ಬೇಗ ಸೋರಿಹೋಗುತ್ತದೆ. ಆಷಾಢದ ಗಾಳಿ, ಜಡಿಮಳೆಯ ದಿನಗಳಲ್ಲೂ ಇದೇ ಅಪಾಯ ಉಂಟು.

ಸಣ್ಣ ಮರಿ ಬೇರೆ, ಬಲಹೀನ ಮರಿ ಬೇರೆ

ಬಿತ್ತನೆಗೆ ಬೀಜ ಆರಿಸುವಾಗ ಸಣ್ಣ ಬೀಜವನ್ನೂ ಜೊಳ್ಳು ಬೀಜವನ್ನೂ ನಾವು ಒಂದೇ ಎಂದು ಎಣಿಸುವುದಿಲ್ಲ. ಮರಿಗಳಲ್ಲೂ ಇದೇ ವಿವೇಚನೆ ಬೇಕು. ಮರಿಯ ತೂಕ ಮೊಟ್ಟೆಯ ತೂಕದ ಸುಮಾರು ಮೂರನೆಯ ಎರಡು ಭಾಗದಷ್ಟಿರುತ್ತದೆ. 45 ಗ್ರಾಂ ಮೊಟ್ಟೆಯಿಂದ ಸುಮಾರು 30 ಗ್ರಾಂ ಮರಿ ಬಂದರೆ, ಎಳೆಯ ಹೇಟೆಯ 36 ಗ್ರಾಂ ಮೊಟ್ಟೆಯಿಂದ ಸುಮಾರು 24 ಗ್ರಾಂ ಮರಿ ಬರುತ್ತದೆ. ಹೀಗೆ ಸಣ್ಣ ಮೊಟ್ಟೆಯಿಂದ ಬಂದ ಮರಿ ಗಾತ್ರದಲ್ಲಿ ಸಣ್ಣದಾದರೂ ಕಣ್ಣು ಬಿಟ್ಟುಕೊಂಡು, ಕಾಲ ಮೇಲೆ ನಿಂತು, ಸದ್ದಿಗೆ ತಿರುಗಿ ನೋಡುತ್ತಿದ್ದರೆ ಅದು ಬಲಹೀನ ಮರಿಯಲ್ಲ. ದೊಡ್ಡ ಮರಿಗಳು ನೂಕದಂತೆ ನೋಡಿಕೊಂಡರೆ ಸಾಕು.

ನಿಜವಾಗಿ ಬಲಹೀನವಾದ ಮರಿಯ ಲಕ್ಷಣಗಳು ಇವು:

1. ಕಣ್ಣು ಮುಚ್ಚಿಕೊಂಡು, ರೆಕ್ಕೆ ಇಳಿಬಿಟ್ಟು ಒಂದೇ ಕಡೆ ಕೂರುವುದು.
2. ಬೆನ್ನ ಮೇಲೆ ಮಲಗಿಸಿದರೆ ಕೂಡಲೇ ತಿರುಗಿ ಏಳಲಾರದಿರುವುದು.
3. ಕಾಲು ತಣ್ಣಗಿರುವುದು. ಮರಿಯ ಪಾದಗಳನ್ನು ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗೆ ತಗುಲಿದರೆ ಮರಿಗೆ ಕಾವು ಸಾಲದು ಎಂದು ತಿಳಿಯಬೇಕು.
4. ಬಿಡದೆ ಗಟ್ಟಿಯಾಗಿ ಕೂಗುವುದು. ಇದು ಚಳಿಯ ಕೂಗು. ಕೂಗುತ್ತಿದ್ದ ಮರಿ ಬೆಚ್ಚಗಾಗದೆಯೇ ಸುಮ್ಮನಾದರೆ ಅದು ಇನ್ನೂ ಕೆಟ್ಟ ಸೂಚನೆ.
5. ಸಂಜೆ ಮುಟ್ಟಿ ನೋಡಿದಾಗ ಕುತ್ತಿಗೆಯ ಬುಡದಲ್ಲಿರುವ ಆಹಾರದ ಚೀಲ ಖಾಲಿಯಿರುವುದು.

ಮೊದಲ ಹೆಜ್ಜೆ: ಕಾವು

ಮರಿ ಒದ್ದೆಯಾಗಿದ್ದರೆ ಮೆತ್ತನೆಯ ಬಟ್ಟೆಯಿಂದ ನೀರನ್ನು ಒತ್ತಿ ತೆಗೆಯಿರಿ, ಉಜ್ಜಬೇಡಿ. ಒಂದು ರಟ್ಟಿನ ಪೆಟ್ಟಿಗೆಯ ತಳಕ್ಕೆ ಎರಡು ಅಂಗುಲ ಒಣಗಿದ ಭತ್ತದ ಹೊಟ್ಟು ಹಾಕಿ, ಮೇಲೆ ಗೋಣಿತಾಟಿನ ತುಂಡು ಹಾಸಿ. ಬರಿಯ ವೃತ್ತಪತ್ರಿಕೆ ಹಾಸಿದರೆ ಕಾಲು ಜಾರುತ್ತದೆ. ಪೆಟ್ಟಿಗೆಯ ಒಂದು ಮೂಲೆಯಲ್ಲಿ ಮಾತ್ರ ಶಾಖ ಇರಲಿ. ಇನ್ನೊಂದು ಮೂಲೆ ತಂಪಾಗಿರಲಿ. ಮರಿ ತನಗೆ ಹಿತವಾದ ಜಾಗವನ್ನು ತಾನೇ ಆರಿಸಿಕೊಳ್ಳುತ್ತದೆ.

ಶಾಖಕ್ಕೆ ಹಿಂದಿನ ತಂತಿಯ ಬಲ್ಬು ಒಳ್ಳೆಯದು. 40 ವಾಟ್ ಬಲ್ಬನ್ನು ಹಾಸಿನಿಂದ ಒಂದು ಅಡಿ ಎತ್ತರದಲ್ಲಿ, ರಟ್ಟಿಗೂ ಬಟ್ಟೆಗೂ ತಾಗದಂತೆ ಭದ್ರವಾಗಿ ಕಟ್ಟಿ, ಮರಿಯ ಮಟ್ಟದಲ್ಲಿ ಶಾಖಮಾಪಕ ಇಟ್ಟು ಎತ್ತರವನ್ನು ಹೊಂದಿಸಿಕೊಳ್ಳಬೇಕು. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಈಗ ಮನೆಮನೆಯಲ್ಲೂ ಇರುವುದು ಎಲ್‌ಇಡಿ ಬಲ್ಬು. ಅದು ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಸಾಕಾಗುವಷ್ಟು ಕಾವು ಕೊಡುವುದಿಲ್ಲ. ದೀಪ ಉರಿಯುತ್ತಿದೆಯೆಂದು ನಂಬಿ ಮಲಗಿದವರು ಬೆಳಿಗ್ಗೆ ಸತ್ತ ಮರಿಗಳನ್ನು ಕಾಣಬೇಕಾದೀತು.

ತಂತಿಯ ಬಲ್ಬು ಸಿಗದಿದ್ದರೆ ಅಥವಾ ವಿದ್ಯುತ್ ಹೋದರೆ, ಬಿಸಿನೀರು ತುಂಬಿದ ಬಾಟಲಿಗೆ ಬಿಗಿಯಾಗಿ ಬಿರಡೆ ಹಾಕಿ, ಎರಡು ಸುತ್ತು ಬಟ್ಟೆ ಸುತ್ತಿ ಮರಿಯ ಪಕ್ಕದಲ್ಲಿಡಿ. ಎರಡು ಗಂಟೆಗೊಮ್ಮೆ ನೀರು ಬದಲಾಯಿಸಿ. ಕೆಂಡದ ಮಡಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಡಲೇಬಾರದು. ಅದರಿಂದ ಹೊರಡುವ ವಿಷಾನಿಲ ಮರಿಗಳಿಗಷ್ಟೇ ಅಲ್ಲ, ಅದೇ ಕೋಣೆಯಲ್ಲಿ ಮಲಗಿದ ಮನುಷ್ಯರಿಗೂ ಮಾರಕ.

ಶಾಖ ಸರಿಯಾಗಿದೆಯೇ ಎಂಬುದನ್ನು ಮರಿಗಳೇ ಹೇಳುತ್ತವೆ. ದೀಪದ ಅಡಿ ಒಂದರ ಮೇಲೊಂದು ಗುಂಪುಗೂಡಿದರೆ ಕಾವು ಕಡಿಮೆ. ದೂರ ಸರಿದು, ಬಾಯಿ ತೆರೆದು ಏದುತ್ತಿದ್ದರೆ ಕಾವು ಹೆಚ್ಚು. ಎಲ್ಲ ಕಡೆ ಹರಡಿಕೊಂಡು ಓಡಾಡಿದರೆ ಸರಿಯಾಗಿದೆ. ಎರಡನೆಯ ವಾರದಿಂದ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಶಾಖವನ್ನು ಇಳಿಸುತ್ತಾ ಬರಬೇಕು. ಗರಿ ಮೂಡಿ, ಹೊರಗಿನ ಹವೆಗೆ ಹೊಂದಿಕೊಂಡ ಮೇಲೆ ನಿಲ್ಲಿಸಬಹುದು. ಬೇಸಿಗೆಯ ಹಗಲಿನಲ್ಲಿ ಇದರ ಅಗತ್ಯ ಬೇಗ ತೀರುತ್ತದೆ; ಚಳಿಗಾಲದ ರಾತ್ರಿಗಳಲ್ಲಿ ನಾಲ್ಕೈದು ವಾರ ಬೇಕಾಗಬಹುದು.

ಎರಡನೆಯ ಹೆಜ್ಜೆ: ನೀರು

ಮರಿಯ ಪಾದ ಬೆಚ್ಚಗಾಗಿ, ತಲೆಯೆತ್ತಿ ಕೂತ ಮೇಲೆಯೇ ನೀರು ಕೊಡಬೇಕು. ಕಾಯಿಸಿ ಆರಿಸಿದ, ಉಗುರುಬೆಚ್ಚಗಿನ ಒಂದು ಲೋಟ (200 ಮಿ.ಲೀ.) ನೀರಿಗೆ ಒಂದು ಟೀ ಚಮಚ ಸಕ್ಕರೆ ಅಥವಾ ಪುಡಿ ಮಾಡಿದ ಬೆಲ್ಲ ಕರಗಿಸಿ. ಕೊಕ್ಕಿನ ತುದಿಯನ್ನು ಮಾತ್ರ ನೀರಿಗೆ ಅದ್ದಿ ತೆಗೆಯಿರಿ. ಮೂಗಿನ ಹೊಳ್ಳೆಗಳು ಮುಳುಗಬಾರದು. ಮರಿ ತಲೆಯೆತ್ತಿ ಗುಟುಕರಿಸಿದರೆ ಅದು ಕುಡಿಯಲು ಕಲಿಯಿತೆಂದು ಅರ್ಥ. ಅದ್ದಿದರೂ ಕುಡಿಯದಿದ್ದರೆ, ಬೆರಳ ತುದಿಯಿಂದ ಒಂದು ಹನಿಯನ್ನು ಕೊಕ್ಕಿನ ಪಕ್ಕಕ್ಕೆ ಸವರಿ, ಅದು ನುಂಗುವುದನ್ನು ಕಾದು, ಅನಂತರ ಇನ್ನೊಂದು ಹನಿ ಸವರಬೇಕು. ಬಾಯೊಳಗೆ ಹುಯ್ಯಬಾರದು. ನಾನು ಮಾಡಿದ ತಪ್ಪನ್ನು ಯಾರೂ ಮಾಡದಿರಲಿ.

ಸಕ್ಕರೆ ನೀರು ಮೊದಲ ದಿನಕ್ಕೆ ಮಾತ್ರ. ಹೆಚ್ಚು ದಿನ ಕೊಟ್ಟರೆ ಭೇದಿಯಾಗುತ್ತದೆ. ಹಾಲು ಬೇಡವೇ ಬೇಡ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕೋಳಿಗಿಲ್ಲ. ನೀರಿನ ತಟ್ಟೆ ಆಳವಿಲ್ಲದ್ದಾಗಿರಲಿ. ಅದರಲ್ಲಿ ಶುಭ್ರವಾದ ಬೆಣಚುಕಲ್ಲುಗಳನ್ನು ಹಾಕಿಟ್ಟರೆ ಮರಿಗಳು ನೀರಿನಲ್ಲಿ ಬಿದ್ದು ನೆನೆಯುವುದು ತಪ್ಪುತ್ತದೆ.

ಮೂರನೆಯ ಹೆಜ್ಜೆ: ಆಹಾರ

ನೀರು ಕುಡಿದು ಒಂದೆರಡು ಗಂಟೆಯಾದ ಮೇಲೆ ಆಹಾರ ತೋರಿಸಬೇಕು. ಮರಿಗಳಿಗೆಂದೇ ತಯಾರಾದ, ಸುಮಾರು 20 ಭಾಗ ಸಸಾರಜನಕವುಳ್ಳ ಆಹಾರವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಉದುರುದುರಾಗಿ ಕಲಸಿ, ತಟ್ಟೆಯ ಮೇಲೆ ಬೆರಳಿನಿಂದ ಕುಟ್ಟಿ ತೋರಿಸಿ. ತಾಯಿಕೋಳಿ ಕೊಕ್ಕಿನಿಂದ ಮಾಡುವುದೂ ಇದನ್ನೇ. ಕೂಡಲೇ ಮರಿ ಆಹಾರ ಸಿಗದಿದ್ದರೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ ಚಿಟಿಕೆಯಷ್ಟು, ಜೊತೆಗೆ ನುಣ್ಣನೆಯ ಜೋಳದ ನುಚ್ಚು ಅಥವಾ ರಾಗಿ ಹಿಟ್ಟು ಒಂದೆರಡು ದಿನ ಕೊಡಬಹುದು. ಬರಿಯ ಅಕ್ಕಿ ನುಚ್ಚಿನಿಂದ ಮರಿ ಬೆಳೆಯದು. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಕೊಟ್ಟು, ಉಳಿದ ಹಸಿ ಆಹಾರ ಹುಳಿಯುವ ಮೊದಲೇ ತೆಗೆದುಬಿಡಿ.

ಮನೆಯಲ್ಲೇ ಆಹಾರ ತಯಾರಿಸುವವರು ಕಡಲೆಕಾಯಿ ಹಿಂಡಿಯ ವಿಷಯದಲ್ಲಿ ಬಹಳ ಎಚ್ಚರ ವಹಿಸಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿದ್ದ ವಿಷವೇ ಕಾರಣವೆಂದು ಆಮೇಲೆ ತಿಳಿದುಬಂತು. ಅಫ್ಲಟಾಕ್ಸಿನ್ ಎಂಬ ಆ ವಿಷ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಮುಗ್ಗಲು ವಾಸನೆಯ ಹಿಂಡಿಯನ್ನೂ ಜೋಳವನ್ನೂ ಮರಿಗಳಿಗೆ ಕೊಡಲೇಬಾರದು.

ಗಮನಿಸಬೇಕಾದ ಸಣ್ಣ ತೊಂದರೆಗಳು

ಹಿಂಭಾಗ ಮೆತ್ತಿಕೊಳ್ಳುವುದು: ಹಿಕ್ಕೆ ಅಂಟಿ ಒಣಗಿ ದ್ವಾರ ಮುಚ್ಚಿದರೆ ಮರಿ ಒಂದೆರಡು ದಿನದಲ್ಲೇ ಸಾಯಬಹುದು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಿತವಾದ ಶಾಖದಲ್ಲಿ ಇಟ್ಟು ನೆನೆಸಿ, ಮೆದುವಾದ ಮೇಲೆ ಒರೆಸಿ ತೆಗೆಯಬೇಕು. ಒಣಗಿರುವಾಗ ಎಳೆದರೆ ಚರ್ಮ ಕಿತ್ತುಬರುತ್ತದೆ. ಒರೆಸಿದ ಮೇಲೆ ಮರಿಯನ್ನು ಒಣಗಿಸಿ ಕಾವಿಗೆ ಬಿಡಿ. ಹೊಟ್ಟೆಯ ಕೆಳಗಿರುವ ಹೊಕ್ಕುಳಿನ ಒಣಗಿದ ಚಕ್ಕೆಯನ್ನು ಹಿಕ್ಕೆಯೆಂದು ತಿಳಿದು ಕೀಳಬಾರದು.

ಕಾಲು ಅಗಲಿಸುವುದು: ಜಾರುವ ನೆಲದ ಮೇಲೆ ನಿಂತ ಮರಿಯ ಕಾಲುಗಳು ಎರಡು ಪಕ್ಕಕ್ಕೂ ಚಾಚಿಕೊಳ್ಳುತ್ತವೆ. ಮೊದಲ ಒಂದೆರಡು ದಿನದಲ್ಲೇ ಕಂಡುಹಿಡಿದರೆ ಸರಿಪಡಿಸಬಹುದು. ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಎರಡೂ ಕಾಲುಗಳನ್ನು ಸಹಜವಾಗಿ ನಿಲ್ಲುವಷ್ಟು ಅಂತರದಲ್ಲಿ ಸಡಿಲವಾಗಿ ಜೋಡಿಸಿ ಕಟ್ಟಿ, ಒರಟು ಹಾಸಿನ ಮೇಲೆ ಬಿಡಿ. ಪಟ್ಟಿಯನ್ನು ದಿನಕ್ಕೊಮ್ಮೆ ಬಿಚ್ಚಿ ನೋಡಿ. ಮೂರು ನಾಲ್ಕು ದಿನದಲ್ಲಿ ಗುಣ ಕಾಣುತ್ತದೆ.

ಬೆರಳು ಮುದುಡುವುದು: ಕಾಲ್ಬೆರಳುಗಳು ಒಳಕ್ಕೆ ಮುದುಡಿ ಮರಿ ಹಿಮ್ಮಡಿಯ ಮೇಲೆ ಕೂರುತ್ತಿದ್ದರೆ ಬಿ-2 ಜೀವಸತ್ವದ ಕೊರತೆ ಇರಬಹುದು. ಪಶುವೈದ್ಯರನ್ನು ಕೇಳಿ ಜೀವಸತ್ವದ ದ್ರಾವಣವನ್ನು ನೀರಿನಲ್ಲಿ ಕೊಡಬೇಕು.

ಒಂಟಿಯಾಗಿ ಇಡಬೇಡಿ

ಬಲಹೀನ ಮರಿಯನ್ನು ಗುಂಪಿನಿಂದ ಬೇರ್ಪಡಿಸುವುದು ಸರಿ. ಆದರೆ ಒಂಟಿಯಾದ ಮರಿ ಕೂಗಿ ಕೂಗಿ ಸೊರಗುತ್ತದೆ. ನೋಡಿ ಕಲಿಯಲು ಜೊತೆಯಿಲ್ಲದೆ ತಿನ್ನುವುದನ್ನೂ ಕಲಿಯದು. ಅದರಷ್ಟೇ ಗಾತ್ರದ, ಸೌಮ್ಯವಾದ ಇನ್ನೊಂದು ಆರೋಗ್ಯವಂತ ಮರಿಯನ್ನು ಜೊತೆಗಿಡಿ. ಭೇದಿ ಅಥವಾ ಉಸಿರಾಟದ ತೊಂದರೆ ಇದ್ದಾಗ ಮಾತ್ರ ಹೀಗೆ ಮಾಡಬಾರದು. ಚೇತರಿಸಿಕೊಂಡ ಮರಿಯನ್ನು ರಾತ್ರಿ ಕತ್ತಲಲ್ಲಿ ತಾಯಿಯ ರೆಕ್ಕೆಯಡಿ ಮೆಲ್ಲನೆ ಸೇರಿಸಿದರೆ ಹೇಟೆ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ. ಬೆಳಿಗ್ಗೆ ಕುಕ್ಕದಿರುವುದನ್ನು ಖಚಿತಪಡಿಸಿಕೊಳ್ಳಿ.

ರೋಗವೆಂದು ಯಾವಾಗ ತಿಳಿಯಬೇಕು?

ಒಂದು ಮರಿ ಮಾತ್ರ ಸೊರಗಿದ್ದರೆ ಆರೈಕೆ ಸಾಕಾಗಬಹುದು. ಒಂದೇ ದಿನದಲ್ಲಿ ಎರಡು ಮೂರು ಮರಿಗಳು ತೂಕಡಿಸತೊಡಗಿದರೆ, ಬಿಳಿ ಭೇದಿ ಅಥವಾ ರಕ್ತ ಬೆರೆತ ಭೇದಿ ಕಂಡರೆ, ಉಸಿರಾಡುವಾಗ ಗೊರಗೊರ ಸದ್ದಾದರೆ, ಹೊಕ್ಕುಳು ಊದಿ ಕೆಟ್ಟ ವಾಸನೆ ಬಂದರೆ ಅದು ರೋಗ. ಕೂಡಲೇ ಹತ್ತಿರದ ಪಶುವೈದ್ಯ ಆಸ್ಪತ್ರೆಗೆ ತೋರಿಸಬೇಕು. ಅಂಗಡಿಯಲ್ಲಿ ಸಿಗುವ ಜೀವನಿರೋಧಕ ಔಷಧಿಗಳನ್ನು ಅಂದಾಜಿನ ಮೇಲೆ ಹಾಕಬಾರದು. ಹಿಂದೆ ಕೋಳಿಗಳಿಗೆ ಧಾರಾಳವಾಗಿ ಬಳಸುತ್ತಿದ್ದ ಕೊಲಿಸ್ಟಿನ್ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸದಂತೆ ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದೆ. ಕೊಕ್ಕರೆ ರೋಗದ (ರಾಣಿಖೇತ್) ಮೊದಲ ಲಸಿಕೆಯನ್ನು 5ರಿಂದ 7ನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಹನಿಯಾಗಿ ಹಾಕಿಸುವುದು ರೂಢಿ. ಆ ಹೊತ್ತಿಗೆ ಇನ್ನೂ ಚೇತರಿಸದ ಮರಿಯ ವಿಷಯದಲ್ಲಿ ಪಶುವೈದ್ಯರ ಸಲಹೆಯಂತೆ ನಡೆಯಿರಿ.

ಮೂಲದಲ್ಲೇ ತಡೆಯುವುದು

ಮರಿ ಬಲಹೀನವಾಗುವುದನ್ನು ಮೊಟ್ಟೆ ಕೂರಿಸುವಾಗಲೇ ಬಹುಮಟ್ಟಿಗೆ ತಪ್ಪಿಸಬಹುದು. ಗಾತ್ರದಲ್ಲಿ ಸಮನಾದ, ಬಿರುಕಿಲ್ಲದ ಮೊಟ್ಟೆಗಳನ್ನು ಆರಿಸಿ. ಒಂದು ವಾರಕ್ಕಿಂತ ಹಳೆಯ ಮೊಟ್ಟೆ ಬೇಡ. ಹಳತಾದಷ್ಟೂ ಮರಿ ಏಳುವುದು ಕಡಿಮೆ, ಎದ್ದರೂ ತಡವಾಗಿ ಏಳುತ್ತದೆ. ಎಲ್ಲ ಮೊಟ್ಟೆಗಳನ್ನೂ ಒಂದೇ ದಿನ ಇಡಬೇಕು. ನಮ್ಮ ಹಿತ್ತಲಿನಲ್ಲಿ ಆದದ್ದು ಇದೇ ತಪ್ಪು: ಹತ್ತನೆಯ ಮೊಟ್ಟೆಯನ್ನು ಮರುದಿನ ಸೇರಿಸಲಾಗಿತ್ತು. ಒಂದು ಹೇಟೆಗೆ ಮೈಯಡಿ ಹಿಡಿಸುವಷ್ಟೇ, ಎಂದರೆ 10-12 ಮೊಟ್ಟೆ ಸಾಕು. ಚಿಪ್ಪು ಒಡೆಯಲು ಆರಂಭಿಸಿದ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯಬಹುದು. ಆತುರಪಟ್ಟು ಚಿಪ್ಪು ಸುಲಿದರೆ ರಕ್ತನಾಳ ಹರಿದು ಮರಿ ಸಾಯುತ್ತದೆ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಕಾಲದಲ್ಲಿ ಅಲ್ಲಿ ರೂಪುಗೊಂಡ ಗಿರಿರಾಜ ತಳಿ, ಅನಂತರ ಬಂದ ಸ್ವರ್ಣಧಾರ ತಳಿ ಇಂದು ಹಲವರ ಹಿತ್ತಲಲ್ಲಿವೆ. ಇವುಗಳಿಗೆ ಕಾವು ಕೂರುವ ಗುಣ ಕಡಿಮೆಯಾದುದರಿಂದ ತಾಯಿಯಿಲ್ಲದ ಮರಿಗಳನ್ನೇ ತಂದು ಸಾಕಬೇಕಾಗುತ್ತದೆ. ಇಂಥ ಮರಿಗಳನ್ನು ತರುವ ಹಿಂದಿನ ದಿನವೇ ಕಾವಿನ ಪೆಟ್ಟಿಗೆ ಸಿದ್ಧವಿರಬೇಕು. ಮರಿ ಬಂದ ಮೇಲೆ ಬಲ್ಬು ಹುಡುಕುವಂತಾಗಬಾರದು.

ಕೊನೆಯ ಮಾತು

ಎಲ್ಲ ಮರಿಗಳೂ ಉಳಿಯುವುದಿಲ್ಲ. ಕೊಕ್ಕು ಸೊಟ್ಟಗಿದ್ದು ತಿನ್ನಲಾರದ, ಹೊಕ್ಕುಳು ಕೂಡದ ಮರಿಗಳು ಉಳಿಯುವುದು ವಿರಳ. ಎರಡು ದಿನ ಕಾವು, ನೀರು, ಆಹಾರ ಕ್ರಮವಾಗಿ ಕೊಟ್ಟ ಮೇಲೂ ಮರಿ ಏಳದಿದ್ದರೆ ಅದು ನಮ್ಮ ಕೈಮೀರಿದ್ದು. ಸತ್ತ ಮರಿಯನ್ನು ಆಳವಾಗಿ ಹೂಳಬೇಕು, ತಿಪ್ಪೆಗೆ ಎಸೆಯಬಾರದು. ಹೀಗೆ ಬದುಕಿದ ಬಲಹೀನ ಮರಿಯನ್ನು ಮೊಟ್ಟೆಗೋ ಮಾಂಸಕ್ಕೋ ಸಾಕಬಹುದು, ತಳಿಗೆ ಇಟ್ಟುಕೊಳ್ಳುವುದು ಬೇಡ.

ಮುಂದಿನ ವರ್ಷ ಅದೇ ಹೇಟೆ ಮತ್ತೆ ಕಾವು ಕೂತಿತು. ಆಗಲೂ ಒಂದು ಮರಿ ಹಿಂದೆ ಬಿತ್ತು. ಈ ಸಲ ನಾನು ಫಿಲ್ಲರ್ ಹುಡುಕಲಿಲ್ಲ. ಅತ್ತೆಯವರು ಬಿಸಿನೀರಿನ ಬಾಟಲಿಗೆ ಹಳೆಯ ಪಂಚೆಯ ತುಂಡು ಸುತ್ತಿ ಕೊಟ್ಟರು. ಪೆಟ್ಟಿಗೆಯ ಪಕ್ಕದಲ್ಲೇ ಕೂತು ಗಂಟೆಗೊಮ್ಮೆ ಮರಿಯ ಪಾದವನ್ನು ಕೆನ್ನೆಗೆ ತಾಗಿಸಿ ನೋಡುತ್ತಿದ್ದರು. ನಡುರಾತ್ರಿಯ ಹೊತ್ತಿಗೆ ಪಾದ ಬೆಚ್ಚಗಾಯಿತು. ಬೆಳಗಿನ ಜಾವ ಮರಿ ತಾನೇ ಎದ್ದು ನೀರಿನ ತಟ್ಟೆಗೆ ಕೊಕ್ಕು ಹಾಕಿತು. ಅದು ಬೆಳೆದು ನಮ್ಮ ಮನೆಯಲ್ಲಿ ಬಹಳ ಕಾಲ ಮೊಟ್ಟೆಯಿಟ್ಟಿತು.

ನೆನಪಿನಲ್ಲಿಡಿ

1. ಸಣ್ಣ ಮರಿಯೆಲ್ಲ ಬಲಹೀನ ಮರಿಯಲ್ಲ. ಚುರುಕುತನ ನೋಡಿ ನಿರ್ಧರಿಸಿ.
2. ಮೈ ಬೆಚ್ಚಗಾಗುವ ಮೊದಲು ಬಾಯಿಗೆ ಏನನ್ನೂ ಹಾಕಬೇಡಿ.
3. ಎಲ್‌ಇಡಿ ಬಲ್ಬಿನಿಂದ ಕಾವು ಸಿಗುವುದಿಲ್ಲ.
4. ನೀರನ್ನು ಹುಯ್ಯಬೇಡಿ, ಕೊಕ್ಕಿನ ತುದಿ ಅದ್ದಿ ಕುಡಿಸಿ.
5. ಬೂಷ್ಟು ಹಿಡಿದ ಹಿಂಡಿ, ಕಾಳು ವಿಷಕ್ಕೆ ಸಮಾನ.
6. ಹಲವು ಮರಿಗಳು ಒಟ್ಟಿಗೆ ಸೊರಗಿದರೆ ತಡಮಾಡದೆ ಪಶುವೈದ್ಯರನ್ನು ಕಾಣಿರಿ.